ಮಾವನವರ ರಬ್ಬರಿನ ಹಕ್ಕಿ

ಲಕ್ವಾ ಹೊಡೆದ ಮೇಲೆ ನಮ್ಮ ಮಾವನವರ ಬಲಗೈ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. ಯಾರಾದರೂ ಬಂದರೆ ಅದನ್ನು ಎಡ ಕಂಕುಳಲ್ಲಿ ಅದುಮಿಕೊಂಡು, ಕಮಲಾಪುರದ ಬಿರುಬೇಸಿಗೆಯಲ್ಲೂ ಚಳಿಯಾದವರಂತೆ ಕೂರುತ್ತಿದ್ದರು. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ದಾರಿಯಲ್ಲಿ ಅವರ ಗಡಿಯಾರ ರಿಪೇರಿಯ ಅಂಗಡಿಯಿತ್ತು. ನಿಜಾಮರ ಕಚೇರಿಗಳ ಗೋಡೆ ಗಡಿಯಾರಗಳು ಕೆಟ್ಟರೆ ಅವರ ಹತ್ತಿರವೇ ಬರುತ್ತಿದ್ದವು. ಈಗ ಆ ಅಂಗಡಿಗೆ ಬೀಗ ಬಿದ್ದಿತ್ತು.

ನಮ್ಮವರು ತಮ್ಮ ಅಪ್ಪನ ಔಜಾರುಗಳನ್ನು, ಆ ರಿಪೇರಿಯ ಸಲಕರಣೆಗಳನ್ನೆಲ್ಲ, ಮಾರಲು ನಿಂತರು. ಕಲಬುರಗಿಯ ಇನ್ನೊಬ್ಬ ಗಡಿಯಾರದವನು ಮುಂದಿನ ಶುಕ್ರವಾರ ಬಂದು ಒಯ್ಯುವುದೆಂದು ಮಾತಾಯಿತು. ಮಾತಾದ ಆ ದಿನ ಮಾವನವರು ಊಟಕ್ಕೆ ಏಳಲಿಲ್ಲ. ಸಂಜೆ ಮಗನನ್ನು ಕರೆದರು.

"ಶುಕ್ರವಾರದ ತನಕ ತಡಿ. ಸೊಸಿ ಕೈಲೆ ರೆಕ್ಕಿ ಬಡಿಯೋ ಹಕ್ಕಿ ಮಾಡಿಸ್ತೇನಿ. ಹಾರಿದ್ರ ಔಜಾರ ಮನ್ಯಾಗ ಇರ್ತಾವ. ಹಾರಲಿಲ್ಲಂದ್ರ ಒಯ್ಲಿ."

ಮುದುಕರ ಹಟವೆಂದು ನಮ್ಮವರು ಒಪ್ಪಿ ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಸೊಸೆಯ ಕೈಯನ್ನು ಕೇಳಿ ಕೆಲಸ ಹಚ್ಚುವ ಮನೆ ಯಾವುದಿದೆ, ಹೇಳಿ.

ಅಂಥ ಹಕ್ಕಿಯನ್ನು ಅವರು ಹೈದರಾಬಾದಿನ ಅಂಗಡಿಯೊಂದರಲ್ಲಿ ನೋಡಿದ್ದರಂತೆ. ಹೊಟ್ಟೆಯುದ್ದಕ್ಕೂ ರಬ್ಬರ್ ಪಟ್ಟಿ. ಮುಂದಿನ ಬಾಗಿದ ತಂತಿ ತಿರುಗಿಸಿ ಅದನ್ನು ಹುರಿಗೊಳಿಸಬೇಕು. ಬಿಟ್ಟರೆ ಹುರಿ ಬಿಚ್ಚಿಕೊಳ್ಳುತ್ತ ರೆಕ್ಕೆ ಬಡಿಸುತ್ತದೆ. ಅವರು ಹೇಳಿದಂತೆ ನಾನು ಬಿದಿರು ಸೀಳಿದೆ, ಗಾಳಿಪಟದ ಕಾಗದ ಅಂಟಿಸಿದೆ, ಸೈಕಲ್ ಟ್ಯೂಬನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿದೆ. ಕತ್ತರಿ ಡೊಂಕಾದರೆ, "ಬೆರಳಾಗ ಸಿಟ್ಟ ಅದ, ಇಳಸು," ಎನ್ನುತ್ತಿದ್ದರು. ಸಿಟ್ಟು ಇದ್ದದ್ದು ನಿಜ. ಒಲೆಯ ಕೆಲಸವೂ ನನ್ನದೇ ಅಲ್ಲವೇ.

ಗುರುವಾರ, ಹುರಿ ಸಲೀಸಾಗಲೆಂದು ಅವರು ಎಡಗೈಯಿಂದ ರಬ್ಬರಿಗೆ ಗಡಿಯಾರದ ಎಣ್ಣೆ ಸವರಿದರು. ಹಲ್ಲಿನ ಚಕ್ರಗಳಿಗೆ ಎಣ್ಣೆ ಬಿಟ್ಟ ರೂಢಿ. ತವರಿನಲ್ಲಿ ಅಣ್ಣನ ಸೈಕಲ್ ಟ್ಯೂಬಿಗೆ ಯಂತ್ರದ ಎಣ್ಣೆ ಬಿದ್ದು, ಅದು ಮೆತ್ತಗಾಗಿ ಹರಿದದ್ದನ್ನು ನಾನು ನೋಡಿದ್ದೆ. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಸೊಸೆ ಮಾವನ ತಪ್ಪು ತೋರಿಸುವುದುಂಟೇ? ಸೆರಗೆಳೆದುಕೊಂಡು ಸುಮ್ಮನಾದೆ.

ಶುಕ್ರವಾರ ಬೆಳಿಗ್ಗೆ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ರಬ್ಬರ್ ಪಟ್ಟನೆ ಹರಿದು ನನ್ನ ಮಣಿಕಟ್ಟಿಗೆ ಬಡಿಯಿತು. ಮಾವನವರು ನನ್ನ ಮುಖವನ್ನೇ ನೋಡಿದರು.

"ಎಣ್ಣಿ ಹಚ್ಚಬಾರದಂತ ನಿನಗ ಗೊತ್ತಿತ್ತೇನು?"

"ಹೂಂ ರೀ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಹಿರೇರು."

"ರಬ್ಬರ್ ನನ್ನ ವಯಸ್ಸ ಕೇಳ್ತದೇನವ್ವ? ತಪ್ಪ ಕಂಡ್ರ ಬಾಯಿ ಬಿಡು." ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಉಳಿದ ಟ್ಯೂಬಿನಿಂದ ಹೊಸ ಪಟ್ಟಿ ಕತ್ತರಿಸಿ, ಹೆದರುತ್ತಲೇ ಹೇಳಿದೆ: "ಕೈಗೆ ಬಳಿ ಏರಸೂವಾಗ ಸಬಕಾರ ಹಚ್ಚತೇವಲ್ರಿ. ಇದಕ್ಕೂ ಅದರ ನೊರಿ ಸವರೂಣೇನ್ರಿ?"

"ಸವರು, ಮತ್ತ."

ಅಷ್ಟರಲ್ಲಿ ಔಜಾರು ಒಯ್ಯುವ ಗಿರಾಕಿ ಬಂದ. ಪಡಸಾಲೆಯಲ್ಲಿ ಪೆಟ್ಟಿಗೆ ತೆಗೆದು ಚಿಮುಟ, ತಿರುಪುಳಿಗಳನ್ನು ತಾನು ಹಾಸಿದ ಬಟ್ಟೆಯ ಮೇಲೆ ಜೋಡಿಸತೊಡಗಿದ. ಅಂಗಳದಲ್ಲಿ ನಾನು ಹಕ್ಕಿ ಹಿಡಿದೆ, ಮಾವನವರು ಎಡಗೈಯಿಂದ ತಂತಿ ತಿರುಗಿಸಿದರು. ರಬ್ಬರ್ ಗಂಟುಗಂಟಾಗಿ ಬಿಗಿಯಿತು. ಬಿದಿರು ಬಾಗಿ ಸಣ್ಣಗೆ ನರಳಿತು. ಅವರು ನಿಲ್ಲಿಸಲೇ ಇಲ್ಲ.

"ಸಾಕು, ಬಿಡ್ರಿ," ಎಂದೆ. ಪರ ಗಂಡಸಿನೆದುರು ನನ್ನ ದನಿ ಅಷ್ಟು ಗಟ್ಟಿಯಾಗಿ ಎದ್ದದ್ದು ಅದೇ ಮೊದಲು. ನಮ್ಮವರು ತಿರುಗಿ ನೋಡಿದರು. ಮಾವನವರು ಕೈ ತೆಗೆದರು.

ಬಿಟ್ಟೆ. ಹಕ್ಕಿ ಒಂದು ಗೇಣು ಕುಸಿಯಿತು. ಆಮೇಲೆ ಪಟಪಟನೆ ರೆಕ್ಕೆ ಬಡಿಯುತ್ತ ಎದ್ದು, ಗೋಡೆ ದಾಟಿ, ಪಕ್ಕದ ಬಾಳೆತೋಟದಲ್ಲಿ ಬಿತ್ತು. ನಮ್ಮವರು ಗಿರಾಕಿಯ ಬಟ್ಟೆಯಿಂದ ಔಜಾರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದರು.

ಆ ಪೆಟ್ಟಿಗೆ ನನ್ನ ಮುಂದೆ ಬಂತು. ಕಲಬುರಗಿಯ ಗಡಿಯಾರಗಳು ಕಮಲಾಪುರದ ನಮ್ಮ ಮನೆಗೇ ಬರತೊಡಗಿದವು. ಅವರು ಹೇಳಿಕೊಟ್ಟರು, ನಾನು ಬಿಚ್ಚಿ ಕೂಡಿಸಿದೆ. ಅವರು ತಪ್ಪಿದಾಗ ಹೇಳಿದೆ, ಅವರು ನಕ್ಕರು.

ಕೊನೆಗಾಲದಲ್ಲಿ ಹಾಸಿಗೆಯಲ್ಲೇ ಒಂದು ಜೇಬುಗಡಿಯಾರವನ್ನು ಎಡಗೈಯಿಂದ ತಾವೇ ಸರಿಮಾಡಿದರು. ಅದಕ್ಕೆ ಎಷ್ಟು ದಿನ ಹಿಡಿಯಿತೋ. ಬಂಧುಗಳೆಲ್ಲ ಸುತ್ತ ಕೂತಿದ್ದರು. ನನ್ನ ಕೈಗಿಟ್ಟು, "ಬರೋಬರಿ ಆಗ್ಯಾದೇನು?" ಎಂದು ಕೇಳಿದರು. ಕಿವಿಗೆ ಹಿಡಿದೆ, ಗೋಡೆಯ ಗಡಿಯಾರಕ್ಕೆ ಹೋಲಿಸಿದೆ.

"ಇಲ್ರಿ. ಹಿಂದ ಬೀಳಾಕತ್ತದ."

ಮಾವನವರು ನಕ್ಕು ಕಣ್ಣು ಮುಚ್ಚಿದರು. ಮಧ್ಯಾಹ್ನದೊಳಗೆ ಹೋಗಿಬಿಟ್ಟರು. ಸಾಯುವ ಮುದುಕನಿಗೆ ಹೂಂ ಅನ್ನಲಾರದೆ ಹೋದಳು ಎಂದು ಬಂಧುಗಳು ನನ್ನನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹೂಂ ಅನ್ನುವವರು ಅವರ ಹಾಸಿಗೆಯ ಸುತ್ತ ಬೇಕಾದಷ್ಟು ಜನ ಇದ್ದರು. ಅವರು ಕೇಳಿದ್ದು ನನ್ನನ್ನು.