ಮಠದ ಸೊಪ್ಪು, ಅಲ್ ನಹ್ದಾದ ಬಚ್ಚಲು

ಪೆಸ್ಟ್ ಕಂಟ್ರೋಲಿನವರು ಮೂರು ಗಂಟೆಗೆ ಬರುತ್ತಾರೆಂದು ಲಿಫ್ಟಿನಲ್ಲಿ ಚೀಟಿ ಅಂಟಿಸಿದ್ದರು. ಬೆಳಿಗ್ಗೆಯಿಂದ ನಾನು ಅಡುಗೆಮನೆಯ ಕಪಾಟು ಖಾಲಿ ಮಾಡುತ್ತಿದ್ದೆ. ಬೇಳೆ ಡಬ್ಬಿ, ಹಿಟ್ಟಿನ ಡಬ್ಬಿ, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ಮಂಚದ ಮೇಲಿಟ್ಟು ಹಳೆಯ ಚಾದರ ಹೊದಿಸಬೇಕಿತ್ತು. ಅರಬರ ನಾಡಿನ ಈ ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ ಬಾಡಿಗೆ ಕೊಡದೆ ಸುಖವಾಗಿದ್ದವು ಜಿರಳೆಗಳು ಮಾತ್ರ.

ಹನ್ನೆರಡರ ಸುಮಾರಿಗೆ ಎದುರು ಫ್ಲಾಟಿನ ಅಕ್ಕ ಬಾಗಿಲು ತಟ್ಟಿದರು. ಮಂಗಳೂರು ಕಡೆಯ ಕ್ರೈಸ್ತರು, ಆಸ್ಪತ್ರೆಯಲ್ಲಿ ನರ್ಸು.

"ನಿಮಗೆ ಗೊತ್ತುಂಟಾ? ಹಿಂದಿನ ಬಿಲ್ಡಿಂಗಿಗೆ ನಿನ್ನೆ ಇದೇ ಮದ್ದು ಹೊಡೆಯುವವರು ಹೋಗಿದ್ರಲ್ವಾ, ಬಾಲ್ಕನಿಯಲ್ಲಿ ಗಾಂಜಾ ಗಿಡ ಕಂಡಿತಂತೆ. ಒಂದೇ ಒಂದು ಕುಂಡ ಮಾರಾಯ್ತಿ. ಸಂಜೆಗೆ ಪೊಲೀಸ್. ಗಂಡ ಹೆಂಡತಿ ಇಬ್ರೂ ಖಲಾಸ್."

"ಹೆಂಗಿರ್ತದಕ್ಕಾ ಆ ಗಿಡ?"

ಅವರು ಬೆರಳು ಅಗಲಿಸಿ ತೋರಿಸಿದರು. "ಎಲೆ ಹೀಗೆ ಉಂಟು. ಅಂಚು ಗರಗಸದ ಹಾಗೆ. ನೀವ್ಯಾಕೆ ಬೆವರುದು? ನಿಮ್ಮಲ್ಲಿ ತುಳಸಿ ಮಾತ್ರ ಅಲ್ವಾ?"

"ಏಸಿ ಬಂದ್ ಮಾಡೀನಿ" ಎಂದೆ. ಅದು ನಿಜವೇ ಆಗಿತ್ತು. ಸುಳ್ಳು ಹೇಳುವ ಪ್ರಸಂಗವೊಂದನ್ನು ದೇವರು ತಪ್ಪಿಸಿದ.

ನನ್ನ ಅತ್ತೆ ಯಾದಗಿರಿ ಕಡೆಯವರು. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದರು. ಹನ್ನೆರಡು ದಿನ ಉಳಿದಿತ್ತು. ಬರುವಾಗ ತಾವು ನಡೆದುಕೊಳ್ಳುವ ಮಠದ ಅಂಗಳದ ಹಿಡಿ ಮಣ್ಣನ್ನು ಸೆರಗಿಗೆ ಗಂಟು ಕಟ್ಟಿ ತಂದು ನನ್ನ ತುಳಸಿ ಕುಂಡಕ್ಕೆ ಸುರಿದಿದ್ದರು. ಎಂಟು ದಿನಕ್ಕೆ ತುಳಸಿಯ ಪಕ್ಕ ಇನ್ನೊಂದು ಮೊಳಕೆ ಎದ್ದಿತು. "ಮಠದ ಅಜ್ಜ ಬೆನ್ನಹತ್ತಿ ಬಂದಾನ" ಎಂದು ಕೈಮುಗಿದು ಅದಕ್ಕೆ ನೀರು ಹಾಕಿದರು. ಮೊಣಕಾಲೆತ್ತರ ಆದಾಗ ತಾವೇ ಕೊಯ್ದು, ಸ್ಟೋರ್ ರೂಮಿನಲ್ಲಿ ಹಗ್ಗಕ್ಕೆ ತಲೆಕೆಳಗಾಗಿ ತೂಗುಹಾಕಿದರು.

"ಬಿಸಿಲಿಗಿ ಹಾಕಿದ್ರ ಲಗೂ ಒಣಗ್ತದಲ್ರಿ ಅತ್ತಿ" ಎಂದಿದ್ದೆ.

"ಬಿಸಿಲಿಗಿ ಇಟ್ರ ಹುಲ್ಲಾಗ್ತದ. ನೆಳ್ಳಾಗೇ ಒಣಗಬೇಕು. ಕಡ್ಡಿ ಲಟ್ ಅನ್ನೋತನಕ."

ಕಡ್ಡಿ ಲಟ್ ಎಂದ ಮೇಲೆ ಬಿಡಿಸಿ ಗಾಜಿನ ಬಾಟಲಿಗೆ ತುಂಬಿದರು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಮುಚ್ಚಳ ತೆಗೆದು ಗಳಿಗೆ ಹೊತ್ತು ಗಾಳಿಯಾಡಿಸಿ, ಮೂಸಿ, ಅಲುಗಾಡಿಸಿ ಮತ್ತೆ ಮುಚ್ಚುವರು. ಊರಿಗೆ ಒಯ್ದು ಮಠಕ್ಕೆ ಒಪ್ಪಿಸುವ ಆಸೆ. ನನ್ನ ಗಂಡನಿಗೆ ಕೆಲಸ ದೂರದ ಮರುಭೂಮಿಯ ಊರು ಮದೀನತ್ ಜಾಯೆದ್‌ನಲ್ಲಿ. ತಿಂಗಳಿಗೆರಡು ಸಲ ಬಂದು ನಿದ್ದೆ ಮಾಡಿ ಹೋಗುತ್ತಿದ್ದರು. ನಾನು ಹುಬ್ಬಳ್ಳಿ ಪೇಟೆಯಲ್ಲಿ ಬೆಳೆದವಳು, ಆ ಗಿಡ ಕಂಡವಳಲ್ಲ. ಆದರೆ ಏನೂ ಗೊತ್ತಿರಲಿಲ್ಲ ಎಂದರೆ ಪೂರ್ತಿ ಸತ್ಯವಾಗುವುದಿಲ್ಲ. ಆ ವಾಸನೆಗೆ ಎರಡು ಸಲ ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿದ್ದೆ.

ಅಕ್ಕ ಹೋದೊಡನೆ ಬಾಗಿಲಿಗೆ ಚಿಲಕ ಹಾಕಿದೆ. "ಅತ್ತಿ, ಅದು ಗಾಂಜಾ ಏನ್ರಿ?"

"ಮಂದಿ ಹಂಗ ಅಂತಾರ. ನಮ್ಮ ಮಠದಾಗ ಅದು ಪ್ರಸಾದ."

ಹಿಂದಿನ ಕಟ್ಟಡದ ಸಂಗತಿ ಹೇಳಿದೆ. ಮಗನ ಕೆಲಸ ಹೋಗುತ್ತದೆ, ನಾವೆಲ್ಲ ಜೈಲಿಗೆ ಹೋಗುತ್ತೇವೆ ಎಂದೆ. ಬಾಟಲಿ ಹಿಡಿದು ಟಾಯ್ಲೆಟ್ಟಿನ ಕಡೆ ಹೊರಟೆ. ಅತ್ತೆ ಬಾಗಿಲಿಗೆ ಅಡ್ಡ ಕೂತರು.

"ಪ್ರಸಾದ ಪಾಯಖಾನಿಗಿ ಹಾಕ್ತಿ? ದಿನಾ ಎರಡ್ಹೊತ್ತು ದೀಪ ಹಚ್ಚೋಕಿ ನೀನು. ಮೊದ್ಲು ನನ್ನ ದಾಟಿ ಹೋಗು."

ಅವರು ಹೇಳಿದ್ದು ತಪ್ಪೆಂದು ನನಗೂ ಅನಿಸಲಿಲ್ಲ. ಬಾಡಿದ ಹೂವನ್ನು ಕೂಡ ಕಸದ ಬುಟ್ಟಿಗೆ ಹಾಕದವಳು ನಾನು. ಕೆಳಗೆ ಹೋಗಿ ಮಣ್ಣಿನಲ್ಲಿ ಹೂಳೋಣವೆಂದರೆ ಮೂಲೆಮೂಲೆಗೆ ಕ್ಯಾಮೆರಾ. ಗಡಿಯಾರ ಒಂದೂಕಾಲು ತೋರಿಸುತ್ತಿತ್ತು. ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಲಿಫ್ಟಿನ ಸದ್ದಾದಾಗಲೆಲ್ಲ ಬಾಗಿಲ ಕಣ್ಣಿಗೆ ಕಣ್ಣಿಟ್ಟೆ. ಕೆಳಗೆ ರಸ್ತೆ ನಡುವಿನ ಖರ್ಜೂರದ ಮರಗಳ ಬುಡದಲ್ಲಿ ಸಣ್ಣ ಪೈಪುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗ ಹೊಳೆಯಿತು.

"ಅತ್ತಿ, ಇಲ್ಲಿ ಬಚ್ಚಲ ನೀರು ಚೆಲ್ಲಂಗಿಲ್ರಿ. ಸೋಸಿ ಆ ಗಿಡಗಳಿಗೇ ಬಿಡ್ತಾರ. ಊರಾಗ ಪೂಜಿ ಹೂವು ಹಾಕಿದಂಗ ಗಿಡದ ಬುಡಕ್ಕೇ ಹೋಗ್ತದ."

"ಆಣಿ ಮಾಡು."

ದೇವರ ಫೋಟೋ ಮುಟ್ಟಿ ಆಣೆ ಮಾಡಿದೆ. ಅವರು ಎದ್ದು ಕಿಟಕಿಯಿಂದ ಆ ಮರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸ್ನಾನದ ಕೋಣೆಗೆ ಹೋಗಿ ಬಕೆಟ್ಟಿನ ಮುಂದೆ ಕೂತು, ಬಾಟಲಿ ಬಗ್ಗಿಸಿ, ಒಣಗಿದ್ದನ್ನು ಅಂಗೈಯಲ್ಲಿ ತಾವೇ ಪುಡಿ ಮಾಡಿ ನೀರಿಗೆ ಬಿಟ್ಟರು. ನನ್ನನ್ನು ಮುಟ್ಟಗೊಡಲಿಲ್ಲ. ಕುಂಡದಲ್ಲಿ ಉಳಿದ ಬುಡವನ್ನು ನಾನು ಬೇರುಸಹಿತ ಕಿತ್ತು ಈಳಿಗೆಯಲ್ಲಿ ಸಣ್ಣಗೆ ಹೆಚ್ಚಿಕೊಟ್ಟೆ. ಅದನ್ನೂ ಬೆರೆಸಿ ಬಕೆಟ್ಟನ್ನು ಅವರೇ ಬಚ್ಚಲಿಗೆ ಬಗ್ಗಿಸಿದರು. ಬಾಟಲಿಯನ್ನು ಮೂರು ಸಲ ಸೋಪು ಹಾಕಿ ತೊಳೆದೆ. ಮನೆತುಂಬ ಲೋಬಾನ ಹಾಕಿದೆ.

ಮೂರಕ್ಕೆ ಬರಬೇಕಾದವನು ಮೂರೂಮುಕ್ಕಾಲಿಗೆ ಬಂದ. ಸ್ಟೋರ್ ರೂಮಿಗೆ ಬಗ್ಗಿ ಟಾರ್ಚು ಬಿಟ್ಟ. ಮೂಗು ಎಳೆದುಕೊಂಡ.

"ಬಕೂರ್ ಅಚ್ಛಾ ಹೈ, ಭಾಭೀಜಿ" ಎಂದು ಲೋಬಾನದ ಘಮವನ್ನು ಮೆಚ್ಚಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ.

ಗಂಡನಿಗೆ ಇದನ್ನು ಹೇಳಿದ್ದು ಅತ್ತೆ ಊರು ಸೇರಿದ ಮೇಲೆ. ಮದ್ದು ಹೊಡೆದ ಆ ದಿನ ಅತ್ತೆ ಊಟ ಮಾಡಲಿಲ್ಲ. ಹಾಲು ಕುಡಿದರು, ಅಷ್ಟಾದರೂ ಆಯಿತು. ಕಿಟಕಿಯ ಬಳಿ ಕೂತೇ ಕೇಳಿದರು: "ಬಚ್ಚಲ ನೀರು ಆ ಗಿಡಕ್ಕ ಮುಟ್ಟಾಕ ಎಷ್ಟ್ ದಿನಾ ಬೇಕು?"

"ಗೊತ್ತಿಲ್ರಿ ಅತ್ತಿ" ಎಂದೆ. ಮಷೀನಿನಲ್ಲಿ ಬೆಳಿಗ್ಗೆ ಹಾಕಿದ್ದ ಬಟ್ಟೆಗಳು ಹಾಗೇ ಮುದ್ದೆಯಾಗಿ ಬಿದ್ದಿದ್ದವು. ಒಂದೊಂದಾಗಿ ಕೊಡವಿ ಬಾಲ್ಕನಿಯ ಸ್ಟ್ಯಾಂಡಿಗೆ ಹರವತೊಡಗಿದೆ.