ಸವಾಲಿನ ಮಾವ ಮತ್ತು ಕೂಗಿಲ್ಲದ ಹರಾಜು

ಮಾವನ ಬಲಗೈ ತೋರುಬೆರಳಿಗೆ ಉಗುರೇ ಇರಲಿಲ್ಲ. ಜೋಗದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದಾಗ ಕಬ್ಬಿಣದ ಮುಚ್ಚಳವೊಂದು ಮೇಲೆ ಬಿದ್ದು ತುದಿ ಚಪ್ಪಟೆಯಾಗಿ, ಸ್ವಲ್ಪ ಎಡಕ್ಕೆ ಬಾಗಿತ್ತು. ಕಾರ್ಗಲ್ಲಿನ ನಮ್ಮ ಕಾಲೋನಿಯ ಗಣಪತಿ ಪೆಂಡಾಲಿನ ಹರಾಜಿನಲ್ಲಿ ಆ ಸೊಟ್ಟ ಬೆರಳು ಮೇಲೆದ್ದಿತೆಂದರೆ ಮಕ್ಕಳು ಕೂಡ ಗಲಾಟೆ ನಿಲ್ಲಿಸುತ್ತಿದ್ದರು. "ಒಂದು ಸಾರಿ" ಅನ್ನುವಾಗ ಕೈ ಕೆಳಗೇ ಇರುತ್ತಿತ್ತು. "ಎರಡು ಸಾರಿ" ಅಂದೊಡನೆ ಬೆರಳು ಮೇಲೆ. ಆಮೇಲೆ ಅವರು ಸುಮ್ಮನಾಗಿಬಿಡುತ್ತಿದ್ದರು. ಮೂರನೆಯದು ಬರುವ ತನಕ ಎಲ್ಲರೂ ಆ ಬೆರಳನ್ನೇ ನೋಡುತ್ತ ಕೂರಬೇಕಿತ್ತು.

ಹರಾಜಿಗೆ ನಮ್ಮ ಕಡೆ ಸವಾಲು ಅನ್ನುತ್ತೇವೆ. ಚೌತಿಯಲ್ಲಿ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತಾರಲ್ಲ, ಆ ಸೌತೆಕಾಯಿ, ಹೀರೆಕಾಯಿ, ಮಾದಳದ ಹಣ್ಣು, ಬಾಳೆಗೊನೆಗಳನ್ನು ಗಣಪತಿ ಬಿಡುವ ದಿನ ಮಧ್ಯಾಹ್ನ ಒಂದೊಂದಾಗಿ ಇಳಿಸಿ ಸವಾಲು ಹಾಕುತ್ತಾರೆ. ಅದನ್ನು ಕೂಗುವುದು ಅವರ ಕೆಲಸ. ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಅವರನ್ನು ಕರೆದುಕೊಂಡು ಹೋಗಲು ಜನ ಬರುತ್ತಿದ್ದರು. ಹೀಗಾಗಿ ಅವರು ಊರಿಗೆಲ್ಲ ಸವಾಲಿನ ಮಾವ. ನನಗೆ ಪಕ್ಕದ ಮನೆಯವರು, ಯಾವ ಸಂಬಂಧವೂ ಇಲ್ಲದೆ ಸ್ವಂತ ಮಾವನಿಗಿಂತ ಹೆಚ್ಚು ನನ್ನಿಂದ ಬೈಸಿಕೊಂಡವರು.

"ಅಷ್ಟೊತ್ತು ಯಾಕೆ ಬೆರಳು ಎತ್ಕೊಂಡು ನಿಲ್ತೀರಿ ಮಾವ, ಕೈ ನೋಯಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಮುಂದೆ ಕೂತೋರಿಗೆ ಬಾಯಿ ದೊಡ್ಡದು. ಹಿಂದೆ ಕೂತೋರಿಗೆ ಧೈರ್ಯ ಬರಕ್ಕೆ ಸ್ವಲ್ಪ ಹೊತ್ತು ಬೇಕು ಮಾರಾಯ್ತಿ" ಅಂದಿದ್ದರು.

ಅವರ ಸವಾಲಿಗೆ ಎಲ್ಲೂ ಬರೆದಿಡದ ಪದ್ಧತಿಗಳಿದ್ದವು. ಹರಕೆಗೋ, ಮನೆಯಲ್ಲಿ ಏನೋ ನೋವಿಗೋ ಒಬ್ಬರು ಒಂದು ಹಣ್ಣನ್ನು ಕೇಳಿದರು ಅಂತ ಗೊತ್ತಾದರೆ ಮಿಕ್ಕವರು ಬಾಯಿ ಮುಚ್ಚಬೇಕು. ಸೋತವನನ್ನು ಛೇಡಿಸಬಹುದು, ಅವನಿಂದ ಬಿಡಿಕಾಸು ಕೇಳುವಂತಿಲ್ಲ. ಸವಾಲು ಕೂಗುವವನ ಮನೆಯವರಂತೂ ಏನನ್ನೂ ಕೇಳಬಾರದು, ಯಾಕೆಂದರೆ ತನ್ನವರಿಗೆ ಬೇಗ ಮುಗಿಸಿಕೊಟ್ಟ ಅನ್ನುವ ಮಾತು ಬಂದೀತು. ಅವರ ಹೆಂಡತಿ, ನಮ್ಮ ಅತ್ತೆ, ಪ್ರತಿ ವರ್ಷ ಹೆಂಗಸರ ಸಾಲಿನ ಕೊನೆಯಲ್ಲಿ ಕೈಕಟ್ಟಿ ಕೂತು ನೋಡಿ ಎದ್ದು ಬರುತ್ತಿದ್ದರು.

ಟರ್ಬೈನಿನ ಸದ್ದು ಅವರ ಕಿವಿಯನ್ನು ನಿಧಾನವಾಗಿ ತಿಂದು ಹಾಕಿತ್ತು. ರಿಟೈರಾದ ಮೇಲೆ ಅದು ಎದ್ದು ಕಾಣತೊಡಗಿತು. ನಾವು ಏನಾದರೂ ಹೇಳಿದರೆ ಮೊದಲು ನಗುತ್ತಿದ್ದರು, ಆಮೇಲೆ "ಎಂತ?" ಅನ್ನುತ್ತಿದ್ದರು. ಮನೆಯಲ್ಲಿ ಟಿವಿ ಹಾಕಿದರೆ ಬಸ್ ಸ್ಟ್ಯಾಂಡಿಗೇ ಕೇಳಿಸುತ್ತಿತ್ತು. ಆದರೂ ಸವಾಲಿನ ದಿನ ಹೇಗೋ ಜನರ ತುಟಿ ನೋಡಿ ನಡೆಸುತ್ತಿದ್ದರು.

ಒಂದು ವರ್ಷ ಅದೂ ನಡೆಯಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ಹೋಟೆಲು ನಡೆಸುವ ಹೋಟೆಲಮ್ಮ ಪ್ರತಿ ವರ್ಷ ಮಾದಳದ ಹಣ್ಣು ಕೇಳುತ್ತಿದ್ದಳು. ಅವಳ ಗಂಡ ಇದ್ದಾಗ ಅವನು ಕೊಳ್ಳುತ್ತಿದ್ದ, ಗಲ್ಲಾಪೆಟ್ಟಿಗೆಯ ಮೇಲೆ ನೇತು ಹಾಕುತ್ತಿದ್ದ. ಅವನು ಹೋದ ಮೇಲೆ ಅವಳು. ಊರವರಿಗೆಲ್ಲ ಗೊತ್ತಿದ್ದದ್ದರಿಂದ ಯಾರೂ ಅಡ್ಡ ಬರುತ್ತಿರಲಿಲ್ಲ. ಆ ವರ್ಷ ಹೊಸದಾಗಿ ಬಂದ ಕಂಟ್ರಾಕ್ಟರೊಬ್ಬ ಬೆಲೆ ಏರಿಸಿದ. ಹೋಟೆಲಮ್ಮ ಹಿಂದಿನಿಂದ ಎರಡು ಸಲ ಕೂಗಿದಳು. ಮಾವನ ಬೆರಳು ಮೇಲೇ ಇತ್ತು, ಕಣ್ಣು ಎಲ್ಲರ ಮುಖದ ಮೇಲೂ ಹೋಯಿತು, ಅವಳ ಮುಖ ಕಂಬದ ಮರೆಯಲ್ಲಿತ್ತು. ನಾವು ಯಾರಾದರೂ ಹೇಳುವ ಮೊದಲೇ "ಮೂರು ಸಾರಿ" ಅಂದುಬಿಟ್ಟರು. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಮಾರನೆಯ ದಿನ ವಿಷಯ ತಿಳಿದು ಮಾವ ಹೋಟೆಲಿಗೆ ಹೋದರು. ಚಹಾ ಆರುವ ತನಕ ಕೂತು, "ನನ್ನ ಕಿವಿ ಹೋಗಿದೆ ಅಮ್ಮಾ. ಇನ್ನು ನಾನು ಕೂಗಲ್ಲ" ಅಂದರಂತೆ. ಸವಾಲು ಬಿಟ್ಟ ಮಾವನನ್ನು ನೋಡುವುದು ನಮಗೆ ಕಷ್ಟವಾಯಿತು. ಶಿವಮೊಗ್ಗದ ಡಾಕ್ಟರು ಕಿವಿಗೆ ಮಷೀನು ಹಾಕಿಸಿ ಅಂದರು. ಬಾಕಿ ಬಂದ ಪಿಂಚಣಿಯನ್ನು ಅತ್ತೆ ಅದಕ್ಕೆಂದೇ ಬ್ಯಾಂಕಿನಲ್ಲಿ ಇಡಿಸಿದರು. ಮಷೀನು ಬಂದರೆ ಮುಂದಿನ ಚೌತಿಗೆ ಮಾವ ಮತ್ತೆ ಕೂಗುತ್ತಾರೆ ಅಂತ ನಾವೆಲ್ಲ ಲೆಕ್ಕ ಹಾಕಿಕೊಂಡಿದ್ದೆವು.

ಅಷ್ಟರಲ್ಲಿ ಅವರ ಫೋನಿಗೆ ಹರಾಜಿನ ಆ್ಯಪೊಂದು ಬಂತು.

ನನ್ನದು ಟೈಲರಿಂಗ್ ಅಂಗಡಿ. ನೆಟ್‌ವರ್ಕು ಚೆನ್ನಾಗಿ ಸಿಗುತ್ತದೆ ಅಂತ ಊಟವಾದ ಮೇಲೆ ಮಾವ ನನ್ನ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಒಂದು ದಿನ ಹೊಲಿಗೆ ಮಷೀನಿನ ಮುಂದೆಯೇ ಫೋನು ಹಿಡಿದರು. "ನೋಡು ಹುಡ್ಗಿ, ಸವಾಲು! ಯಾರೂ ಕೂಗಲ್ಲ. ಕೇಳ್ದೋರ ಹೆಸ್ರು ಬಂದು ಬೀಳ್ತದೆ. ಒಂದೂ ತಪ್ಪಿ ಹೋಗಲ್ಲ ನಂಗೆ."

ಅವರ ಮುಖದಲ್ಲಿ ಅಂಥ ಬೆಳಕನ್ನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ಮನೆಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಎಲ್ಲ ಕಡೆ "ಎಂತ, ಎಂತ" ಅನ್ನುತ್ತ ಹಿಂದೆ ಬಿದ್ದಿದ್ದ ಮನುಷ್ಯ ಇಲ್ಲಿ ಎಲ್ಲರಿಗೂ ಸಮ. ಜಜ್ಜಿದ ಬೆರಳನ್ನು ಫೋನಿನ ಪರದೆ ಗುರುತಿಸುತ್ತಿರಲಿಲ್ಲವಾದ್ದರಿಂದ ನಡುಬೆರಳಿನಲ್ಲಿ ಒತ್ತುತ್ತಿದ್ದರು. ಮೊದಲ ವಾರ ಒಂದು ಟಾರ್ಚು ಗೆದ್ದರು, ಆಮೇಲೆ ಮಿಕ್ಸಿ. ಸಾಗರದ ಅಂಗಡಿಯ ಬೆಲೆ ಕೇಳಿದರೆ ನಗು ಬರುವಷ್ಟು ಅಗ್ಗ. ಆ ಮಿಕ್ಸಿಯಲ್ಲಿ ಅರೆದ ಚಟ್ನಿಯನ್ನು ನಾನೂ ತಿಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅದರ ನಿಯಮ ಮಾತ್ರ ನನಗೆ ಸರಿ ಕಾಣಲಿಲ್ಲ. ಮೊದಲು ದುಡ್ಡು ಕಟ್ಟಿ ಟೋಕನ್ ಕೊಂಡಿಟ್ಟುಕೊಳ್ಳಬೇಕು. ಒಂದು ಸಲ ಒತ್ತಿದರೆ ಒಂದು ಟೋಕನ್ ಹೋಯಿತು. ವಸ್ತುವಿನ ಬೆಲೆ ಏರುವುದು ಒಂದೇ ರೂಪಾಯಿ, ಆದರೆ ಗಡಿಯಾರ ಮತ್ತೆ ಮೊದಲಿಗೆ ಹೋಗಿ ಇಳಿಯತೊಡಗುತ್ತದೆ. ಅದು ಸೊನ್ನೆ ಮುಟ್ಟುವಾಗ ಕೊನೆಗೆ ಒತ್ತಿದವರು ಯಾರೋ ಅವರಿಗೆ ವಸ್ತು. ಮಿಕ್ಕವರ ಟೋಕನ್ ವಾಪಸಿಲ್ಲ.

"ಮಾವ, ಇದ್ರಲ್ಲಿ ಸೋತೋರೂ ದುಡ್ಡು ಕೊಡ್ಬೇಕು" ಅಂತ ಅವರ ಕಿವಿಯ ಹತ್ತಿರ ಹೋಗಿ ಹೇಳಿದೆ.

ಅವರಿಗೆ ಕೇಳಿಸಿತೋ ಇಲ್ಲವೋ. ಗಡಿಯಾರ ತೋರಿಸಿ, "ಇದನ್ನ ನಡ್ಸೋನು ಒಳ್ಳೆಯವ್ನು ಕಣೆ. ಅವಸರ ಇಲ್ಲ. ಇನ್ನೇನು ಮುಗೀತು ಅನ್ನೋವಾಗ ಯಾರಾದ್ರೂ ಕೇಳಿದ್ರೆ ಮತ್ತೆ ಕಾಯ್ತಾನೆ ನೋಡು" ಅಂದರು.

ತಮ್ಮ ಬೆರಳನ್ನೇ ಅವರು ಆ ಗಡಿಯಾರದಲ್ಲಿ ಕಂಡಿದ್ದರು. ಪರದೆಯ ಆಚೆ ತಮ್ಮಂಥ ಒಬ್ಬ ಕೂತು ಹಿಂದಿನ ಸಾಲಿನವರ ಧೈರ್ಯಕ್ಕೆ ಕಾಯುತ್ತಿದ್ದಾನೆ ಅಂತ ನಂಬಿದ್ದರು. ಗಡಿಯಾರ ಕಾಯುತ್ತಿದ್ದದ್ದು ಇನ್ನೊಂದು ಟೋಕನ್ನಿಗೆ ಅನ್ನುವುದು ಆ ತಲೆಗೆ ಹೇಗೆ ಹೊಳೆಯಬೇಕು!

ಮಳೆಗಾಲ ಶುರುವಾಗುವ ಹೊತ್ತಿಗೆ ಅದೇ ಹರಾಜಿನಲ್ಲಿ ಕಿವಿಗೆ ಹಾಕುವ ಮಷೀನು ಕಾಣಿಸಿತು. ಶಿವಮೊಗ್ಗದಲ್ಲಿ ತೋರಿಸಿದ್ದ ಥರದ್ದೇ. ಮಾವ ಕುಣಿದಾಡಿದರು. ಅಂಗಡಿಯ ಬೆಲೆಯ ಕಾಲು ಭಾಗಕ್ಕೆ ಗೆದ್ದು ತಂದು, ಅದೇ ಮಷೀನು ಹಾಕಿಕೊಂಡು ಚೌತಿಗೆ ಕೂಗುತ್ತೇನೆ ಅಂದರು. ಸವಾಲಿನವನು ಸವಾಲಿನಲ್ಲೇ ಕಿವಿ ಗೆಲ್ಲಬೇಕು ಅನ್ನುವ ಹಟ. ನನಗೂ ಒಂದು ಗಳಿಗೆ, ಗೆದ್ದರೂ ಗೆಲ್ಲಬಹುದು ಅನ್ನಿಸಿತು.

ಆಟ ಬಹಳ ಹೊತ್ತು ನಡೆಯಿತು. ಒಬ್ಬೊಬ್ಬರೇ ಬಿಟ್ಟು ಕೊನೆಗೆ ಉಳಿದದ್ದು ಮಾವ ಮತ್ತು ಶಾರದಮ್ಮ ಅನ್ನುವ ಒಂದು ಹೆಸರು. ಮಾವ ಒತ್ತಿದರೆ ಅವಳು ಒತ್ತುತ್ತಾಳೆ. ಅವಳು ಒತ್ತಿದರೆ ಮಾವ. ಇದ್ದಕ್ಕಿದ್ದಂತೆ ಮಾವ ಕೈ ಹಿಂದಕ್ಕೆ ತೆಗೆದರು.

"ಯಾಕೆ ಮಾವ? ಒತ್ತಿ!"

"ಬೇಡ. ಅವ್ಳಿಗೂ ಕಿವಿ ಕೇಳಲ್ಲ ಅಂತ ಕಾಣ್ತದೆ, ಪಾಪ. ಇಷ್ಟು ಹಟ ಹಿಡಿದಿದಾಳೆ ಅಂದ್ರೆ ಎಂತ ತೊಂದ್ರೆಯೋ. ಹೆಣ್ಮಗಳು. ಅವ್ಳೇ ತಗೊಳ್ಳಿ."

ಗಡಿಯಾರ ಸೊನ್ನೆಗೆ ಬಂತು. ಮಾವ ಸಮಾಧಾನವಾಗಿ ಎದ್ದು ಹೋದರು, ಪುಣ್ಯದ ಕೆಲಸ ಮಾಡಿದವರಂತೆ.

ಕೆಲವು ದಿನ ಬಿಟ್ಟು ಅದೇ ಮಷೀನು ಮತ್ತೆ ಹರಾಜಿಗೆ ಬಂತು. ಮಾವ ಮತ್ತೆ ಟೋಕನ್ ಕೊಂಡರು. ಕೊನೆಯಲ್ಲಿ ಮತ್ತೆ ಶಾರದಮ್ಮ. "ಇನ್ನೊಂದು ಕಿವಿಗೆ ಇರ್ಬೋದು" ಅಂತ ಮಾವ ಮತ್ತೆ ಬಿಟ್ಟುಕೊಟ್ಟರು. ಮೂರನೆಯ ಸಲವೂ ಅವಳ ಹೆಸರೇ ಬಂದು ನಿಂತಾಗ ಫೋನನ್ನು ತೊಡೆಯ ಮೇಲಿಟ್ಟು ನನ್ನನ್ನೇ ನೋಡಿದರು.

"ಒಬ್ಬಳಿಗೆ ಎಷ್ಟು ಕಿವಿ ಇರ್ತವೆ ಮಾರಾಯ್ತಿ?"

ನಗು ತಡೆಯಲಾಗಲಿಲ್ಲ ನನಗೆ. ಮರುಗಳಿಗೆಯೇ ಅವರ ಮುಖ ನೋಡಿ ನಗು ನಿಂತಿತು. ಫೋನು ಇಸಿದುಕೊಂಡು ನೋಡಿದೆ. ಅತ್ತೆ ಮಷೀನಿಗೆಂದು ಇಡಿಸಿದ್ದ ದುಡ್ಡು ಟೋಕನ್ನುಗಳಾಗಿ ಕರಗಿ ಹೋಗಿತ್ತು. ನಾನು ಬಾಯಿಗೆ ಬಂದಂತೆ ಕಿರುಚಿದೆ. ಶಾರದಮ್ಮನೂ ಇಲ್ಲ, ಅವಳ ಅಜ್ಜಿಯೂ ಇಲ್ಲ, ಅದು ಕಂಪ್ಯೂಟರೇ ಇಟ್ಟ ಹೆಸರಿರಬೇಕು, ನಿಮ್ಮಂಥ ಒಳ್ಳೆಯವರನ್ನು ಸುಲಿಯಲಿಕ್ಕೇ ಇಂಥದ್ದು ಇರುವುದು ಅಂದೆ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ಕೇಳಿದರು. ಮಾವ ಮಾತ್ರ "ಎಂತ?" ಅಂದರು.

ಪಕ್ಕದಲ್ಲಿ ಕೂತು ನಿಧಾನವಾಗಿ ಮತ್ತೊಮ್ಮೆ ಹೇಳಿದೆ.

"ಇದು ಸವಾಲಲ್ಲ ಬಿಡು. ನಮ್ಮಲ್ಲಿ ಸೋತೋನು ನಕ್ಕೊಂಡು ಮನೆಗೆ ಹೋಗ್ತಾನೆ. ಇಲ್ಲಿ ಸೋತೋರ ದುಡ್ಡಲ್ಲೇ ಅಂಗ್ಡಿ ನಡೀತದೆ" ಅಂದರು. ಆಮೇಲೆ, "ಹಾಗಾದ್ರೆ ನಮ್ಮನೆ ಮಿಕ್ಸಿಗೆ ಎಷ್ಟು ಜನ ಸೋತಿದಾರೋ" ಅಂದರು. ತನ್ನ ಕೈ ಸುಟ್ಟುಕೊಂಡ ಹೊತ್ತಿನಲ್ಲಿ ಯಾರೋ ಕಾಣದವರಿಗಾಗಿ ಮರುಗುವ ಆ ಮನುಷ್ಯನನ್ನು ಕಂಡು ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಅತ್ತೆಗೆ ಅವರೇ ಹೇಳಿದರು, ನನ್ನನ್ನು ಜೊತೆಗೆ ಕೂರಿಸಿಕೊಂಡು. ಅತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಕಾಯಿ ತುರಿಯುತ್ತಿದ್ದ ಕೈ ನಿಲ್ಲಿಸಿ, "ನಿಮ್ಮ ಹೆಸ್ರು ಹಾಳಾಗ್ಬಾರ್ದು ಅಂತ ಇಷ್ಟು ವರ್ಷ ಸವಾಲಲ್ಲಿ ನಾನು ಒಂದು ಸೌತೆಕಾಯಿನೂ ಕೇಳ್ಲಿಲ್ಲ. ನೀವು ಕಿವಿನೇ ಕೊಟ್ಟು ಬಂದ್ರಿ" ಅಂದರು. ನಾನು ಅದನ್ನು ಮಾವನಿಗೆ ಮತ್ತೊಮ್ಮೆ ಹೇಳಬೇಕಾಗಲಿಲ್ಲ. ಅಷ್ಟು ಮೆಲ್ಲಗೆ ಆಡಿದ ಮಾತು ಅವರಿಗೆ ಹೇಗೋ ಕೇಳಿಸಿತ್ತು.

ಚೌತಿ ಹತ್ತಿರ ಬಂತು. ಮಷೀನೂ ಇಲ್ಲ, ದುಡ್ಡೂ ಇಲ್ಲ. ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂತ ಮಾವ ಕಮಿಟಿಯವರಿಗೆ ಹೇಳಿ ಕಳಿಸಿದರು. ಆಗ ಅವರ ಮನೆಗೆ ಬಂದವಳು ಹೋಟೆಲಮ್ಮ. ಬಾಗಿಲಲ್ಲೇ ನಿಂತು, ಮಾವನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದಳು: "ನೀವು ಕೂಗದಿದ್ರೆ ನಾನು ಯಾರ ಹತ್ರ ಕೇಳ್ಲಿ? ಕಿವಿ ಇಲ್ಲ ಅಂದ್ರೆ ಈ ಪಕ್ಕದ್ಮನೆಯವ್ಳದ್ದು ಇದೆಯಲ್ಲ, ಇಡೀ ಊರಿನ ಸುದ್ದಿ ಕೇಳಿಸ್ಕೊಳ್ಳೋದು!"

ಹಾಗೆ ನಾನು ಮಾವನ ಕಿವಿಯಾದೆ. ಪೆಂಡಾಲಿನಲ್ಲಿ ಅವರ ಎಡಕ್ಕೆ ನಿಂತು, ಯಾರು ಎಷ್ಟು ಕೇಳಿದರು ಅಂತ ಅವರ ಕಿವಿಯಲ್ಲಿ ಹೇಳುವುದು, ಅವರು ಅದನ್ನು ಕೂಗುವುದು. ಮಾದಳದ ಹಣ್ಣು ಬಂದಾಗ ಮಾವ ಬೆರಳೆತ್ತಿ ಎಷ್ಟು ಹೊತ್ತು ನಿಂತರೆಂದರೆ, ಹೋಟೆಲಮ್ಮನೇ "ಸಾಕು ಮುಗಿಸಿ, ಇಡ್ಲಿ ಹಿಟ್ಟು ರುಬ್ಬೋದಿದೆ" ಅಂದಳು. ಪೆಂಡಾಲೆಲ್ಲ ನಕ್ಕಿತು.

ಮುಂದೆ ಪಿಂಚಣಿಯಲ್ಲೇ ಉಳಿಸಿ ಅವರು ಶಿವಮೊಗ್ಗದ ಅಂಗಡಿಯಿಂದ ಮಷೀನು ಕೊಂಡರು. ಹಾಕಿಕೊಂಡ ಮೊದಲ ದಿನ, ಊರಲ್ಲಿ ಇಷ್ಟೊಂದು ಕುಕ್ಕರು ಕೂಗುತ್ತವಾ ಅಂತ ಗೊಣಗಿದರು. ಆದರೂ ಸವಾಲಿನ ದಿನ ನನ್ನನ್ನು ಬಿಡಲಿಲ್ಲ. ಮಷೀನು ನಂಬಬಹುದು, ಬ್ಯಾಟರಿ ನಂಬಲಿಕ್ಕಾಗುವುದಿಲ್ಲ ಅನ್ನುವುದು ಅವರ ನೆಪ. ನಿಜವಾಗಿ ಅವರು ನನಗೆ ಕೆಲಸ ಕಲಿಸುತ್ತಿದ್ದರು. ಹಣ್ಣು ಹಿಡಿಯುವುದು, ಜನರನ್ನು ನಗಿಸುವುದು, ಯಾರು ಹಟಕ್ಕೆ ಕೇಳುತ್ತಾರೆ, ಯಾರು ನೋವಿಗೆ ಕೇಳುತ್ತಾರೆ ಅಂತ ದನಿಯಲ್ಲೇ ತಿಳಿಯುವುದು.

ಕಳೆದ ಬೇಸಿಗೆಯಲ್ಲಿ ಮಾವ ಹೋದರು. ಮಧ್ಯಾಹ್ನ ಊಟವಾಗಿ ಮಲಗಿದವರು ಏಳಲಿಲ್ಲ. ಆ ಚೌತಿಗೆ ಕಮಿಟಿಯವರು ನನ್ನನ್ನೇ ಕೂಗು ಅಂದರು.

ಸೌತೆಕಾಯಿ, ಬಾಳೆಗೊನೆ ಹೇಗೋ ಮುಗಿಸಿದೆ. ಮಾದಳದ ಹಣ್ಣು ಕೈಗೆ ಬಂತು. ವಾಡಿಕೆಯಂತೆ ಹೋಟೆಲಮ್ಮನ ಕಡೆ ನೋಡಿದೆ. ಅವಳು ಒಂದು ಬೆಲೆ ಹೇಳಿದಳು. ಒಂದು ಸಾರಿ ಅಂದೆ, ಎರಡು ಸಾರಿ ಅಂದೆ, ಬೆರಳೆತ್ತಿ ನಿಂತೆ. ಕೈ ನೋಯುವಷ್ಟು ಹೊತ್ತು ನಿಂತೆ. ಹೆಂಗಸರ ಸಾಲಿನ ಕೊನೆಯಿಂದ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿಯೊಂದು ಹೋಟೆಲಮ್ಮನ ಬೆಲೆಯ ಮೇಲೆ ಒಂದು ರೂಪಾಯಿ ಹೆಚ್ಚಿಗೆ ಹೇಳಿತು.

ಅತ್ತೆ. ಕೈಕಟ್ಟಿ ಕೂತಿರಲಿಲ್ಲ, ಎದ್ದು ನಿಂತಿದ್ದರು.

ಈಗ ಅವರು ಸವಾಲು ಕೂಗುವವನ ಮನೆಯವರಲ್ಲ. ಕೇಳಬಹುದು. ಹೋಟೆಲಮ್ಮ ತಿರುಗಿ ಅತ್ತೆಯನ್ನು ನೋಡಿದಳು, ಆಮೇಲೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ಕೂತಳು. ಪೆಂಡಾಲಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನು ಮೊದಲಿನಿಂದ ಕೂಗಿದೆ, ಒಂದು ಸಾರಿ, ಎರಡು ಸಾರಿ. ಮೂರನೆಯದನ್ನು ಕೂಗಲಿಲ್ಲ. ಕೆಳಗಿಳಿದು ಹೋಗಿ, ಹಣ್ಣನ್ನು ಅತ್ತೆಯ ಎರಡೂ ಕೈಗಳಲ್ಲಿ ಇಟ್ಟೆ.