ಹರಳಿನ ನೀರು

ಸೆನ್ಸೇಯ ಕನ್ನಡಕದ ಗಾಜು ಉಸಿರಿನಿಂದ ಸದಾ ಮಂಜಾಗಿರುತ್ತಿತ್ತು. ಮಾಸ್ಕ್ ತೊಟ್ಟು ಸೂಕ್ಷ್ಮದರ್ಶಕದ ಮೇಲೆ ಬಾಗಿದರೆ ಏನೂ ಕಾಣಿಸದು. ಆದರೂ ಅವರು ಒರೆಸಿಕೊಳ್ಳುತ್ತಿರಲಿಲ್ಲ. ತಲೆ ಎತ್ತಿ, ಗಾಜು ತಾನಾಗಿ ತಿಳಿಯಾಗುವವರೆಗೆ ಕಾಯುತ್ತಿದ್ದರು.

ಜಪಾನಿನ ತ್ಸುಕುಬಾದಲ್ಲಿ ಅವರು ನನ್ನ ಸಂಶೋಧನೆಯ ಗುರು. ಅರವತ್ತು ದಾಟಿದ, ಮದುವೆಯಾಗದ, ದಿನವೂ ಸೈಕಲ್ಲಿನಲ್ಲಿ ಬರುವ ಗಿಡ್ಡ ಹೆಂಗಸು. ನಮ್ಮ ಕೆಲಸ ಔಷಧಿಯ ಹರಳುಗಳದು. ಕೆಲವು ಹರಳುಗಳೊಳಗೆ ನೀರು ಅವುಗಳ ಕಟ್ಟಡದ ಭಾಗವಾಗಿಯೇ ಸೇರಿರುತ್ತದೆ. ಒಣಗಿಸುವಾಗ ಆ ನೀರು ಹೊರಟುಹೋದರೆ ಕೆಲವು ಹಾಗೇ ನಿಲ್ಲುತ್ತವೆ, ಕೆಲವು ಒಳಗೊಳಗೇ ಕುಸಿಯುತ್ತವೆ. ಕುಸಿದದ್ದು ಮಾತ್ರೆಯಾದಾಗ ಹೊಟ್ಟೆಯಲ್ಲಿ ಬೇರೆಯೇ ರೀತಿ ಕರಗುತ್ತದೆ. ಎಣ್ಣೆಯ ಹನಿಯಲ್ಲಿಟ್ಟು ಮೆಲ್ಲಗೆ ಬಿಸಿ ಮಾಡಿದರೆ ಹರಳಿನ ಮೈಯಿಂದ ಗುಳ್ಳೆಗಳು ಏಳುತ್ತವೆ, ಗಾಜಿನಂತಿದ್ದದ್ದು ಬೆಳ್ಳಗಾಗುತ್ತದೆ. ಮೊದಲ ಗುಳ್ಳೆ ಕಂಡಾಗ ಸೆನ್ಸೇ ತಲೆ ಬಾಗಿಸಿ "ಓತ್ಸುಕಾರೆಸಾಮಾ" ಎನ್ನುತ್ತಿದ್ದರು. ಕೆಲಸ ಮುಗಿಸಿ ಮನೆಗೆ ಹೊರಟ ಸಹೋದ್ಯೋಗಿಗೆ ಹೇಳುವ ಮಾತದು.

ಒಣಗಿಸುವ ಓವನ್ನಿನ ಬಾಗಿಲನ್ನು ಮಾತ್ರ ಯಾರೂ ತೆರೆಯುವಂತಿರಲಿಲ್ಲ. ಕೋಣೆಯ ತೇವ ಒಳಗೆ ನುಗ್ಗಿದರೆ ವಾರಗಳ ಕೆಲಸ ಹಾಳು. ನಾನು ಗಾಜಿನ ಕಿಂಡಿಯಲ್ಲಿ ಇಣುಕಿದರೂ ಹಿಂದಿನಿಂದ ದನಿ ಬರುತ್ತಿತ್ತು.

"ಅನ್ನ ಬೇಯುವಾಗ ಕೂಸು ಅತ್ತರೂ ಮುಚ್ಚಳ ತೆಗೀಬಾರದು. ನಮ್ಮಜ್ಜಿ ಹೇಳ್ತಿದ್ರು."

"ತೆಗೀಲಿಲ್ಲ ಸೆನ್ಸೇ, ನೋಡಿದೆ ಅಷ್ಟೇ."

"ನಿಮ್ಮ ಕಣ್ಣಿಂದಲೂ ತೇವ ಒಳಗೆ ಹೋಗತ್ತೆ."

ನನ್ನ ಪ್ರಬಂಧದ ಕೊನೆಯ ಮಾದರಿ ಓವನ್ನಿನಲ್ಲಿದ್ದಾಗ ಮೈಸೂರಿನಿಂದ ಅಣ್ಣ ಫೋನ್ ಮಾಡಿದ. "ಅಪ್ಪಂಗೆ ತುಂಬಾ ಸೀರಿಯಸ್ ಕಣೇ. ಜಾಸ್ತಿ ಟೈಮ್ ಇಲ್ಲ ಅಂತಿದಾರೆ ಡಾಕ್ಟ್ರು. ನಿನ್ನೇ ಕೇಳ್ತಿದಾರೆ."

ಮಾದರಿ ಒಣಗಲು ಇನ್ನೂ ಸಮಯವಿತ್ತು. ಅದನ್ನು ಮುಗಿಸಿಯೇ ಊರಿಗೆ ಹೊರಡುತ್ತೇನೆ ಎಂದು ಸೆನ್ಸೇಗೆ ಹೇಳಿದೆ. ಅವರು ನನ್ನನ್ನೊಮ್ಮೆ ದಿಟ್ಟಿಸಿ, ಎದ್ದುಹೋಗಿ ಓವನ್ ಆರಿಸಿದರು. ಬಾಗಿಲನ್ನು ಪೂರ್ತಿ ತೆರೆದಿಟ್ಟರು.

"ಈಗ ಇಲ್ಲಿ ನಿಮಗೇನೂ ಕೆಲಸ ಇಲ್ಲ," ಎಂದರು. "ಹರಳು ನಾನು ಬೆಳೆಸ್ತೀನಿ. ಹೊರಡಿ."

ಅಪ್ಪನಿಗೆ ಪ್ರಜ್ಞೆ ಇರುವಾಗಲೇ ಮನೆ ಮುಟ್ಟಿದೆ. ನಾನು ಬಿಟ್ಟ ನೀರು ಅವರ ಗಂಟಲಿನಲ್ಲಿ ಇಳಿಯಿತು.

ಹಿಂತಿರುಗಿದಾಗ ಹೊಸ ಹರಳುಗಳು ಸಿದ್ಧವಾಗಿದ್ದವು. ಸೆನ್ಸೇ ಮಾತ್ರ ಬಹಳ ಇಳಿದುಹೋಗಿದ್ದರು. ಚಳಿಗಾಲದಲ್ಲಿ ಆಸ್ಪತ್ರೆ ಸೇರಿದರು. ಅಲ್ಲಿ ಸಂಬಂಧಿಕರನ್ನಲ್ಲದೆ ಬೇರೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಎರಡು ಸಲ ಹೋಗಿ ಕೆಳಗಿನಿಂದಲೇ ವಾಪಸು ಬಂದೆ. ಒಂದು ಸಂದೇಶ ಕಳಿಸಿದರು: "ನಾನು ಡೈಜೋಬು, ಆರಾಮಾಗಿದ್ದೇನೆ. ನಿಮ್ಮ ಮೂರನೇ ಅಧ್ಯಾಯ ಉದ್ದವಾಯಿತು." ಅದೇ ಕೊನೆಯದು. ಅವರು ಹೋಗುವಾಗ ನಾನು ಹತ್ತಿರವಿರಲಿಲ್ಲ.

ದೇಹವನ್ನು ಮನೆಗೆ ತಂದ ಮೇಲೆ ಅವರ ಅಕ್ಕ ಕರೆಸಿದರು. ಇಲ್ಲಿ ನೀರು ಕೊಡುವುದು ಜೀವ ಹೋದ ಮೇಲೆ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನೀರಿನಲ್ಲಿ ಅದ್ದಿ, ಮನೆಯವರು ತುಟಿಗೆ ಸವರುತ್ತಾರೆ. ನಾನು ಹೊರಗಿನವಳು; ಬಾಗಿಲ ಬಳಿಯೇ ಮಂಡಿಯೂರಿ ಕೂತಿದ್ದೆ. ಅಕ್ಕ ಹತ್ತಿಯನ್ನು ಅದ್ದುತ್ತಾ ಕೇಳಿದರು, "ನಿಮ್ಮ ಕಡೆ ಇದನ್ನ ಯಾರು ಮಾಡ್ತಾರೆ?"

"ಮಕ್ಕಳು," ಎಂದೆ.

ಅವರು ಪಕ್ಕಕ್ಕೆ ಸರಿದು ಜಾಗ ಮಾಡಿ, ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು.